ಮೇಲಿನ ಸ್ವರವನ್ನು ಬಿಟ್ಟುಕೊಡಬೇಡ

ಪ್ರೀತಿಯ ಮಗಳೇ,

ನೀನು ಕಳಿಸಿದ ಹೊಸ ಧ್ವನಿಮುದ್ರಣವನ್ನು ಕೇಳಿದೆ. ಗಿಟಾರ್ ಸುಮ್ಮನಾಗುವ ಜಾಗದಲ್ಲಿ ನೀನೊಬ್ಬಳೇ ಸಾಲನ್ನು ಎಳೆದುಕೊಂಡು ಹೋಗುವ ರೀತಿ ನನಗೆ ಬಹಳ ಹಿಡಿಸಿತು. ಆದರೆ ಎರಡನೆಯ ಚರಣದ ಕೊನೆಯ ಸಾಲು ಮೊದಲು ಮೇಲಕ್ಕೆ ಹೋಗಿ ಮೆಲ್ಲಗೆ ನಿಲ್ಲುತ್ತಿತ್ತು. ಈಗ ಅದನ್ನು ಕೆಳಗಿನ ಸ್ವರದಲ್ಲೇ ಕೂಗಿ ಮುಗಿಸಿದ್ದೀಯ. ಬೇಕೆಂದು ಬದಲಿಸಿದೆಯೋ, ಆ ಸ್ವರ ಸಿಗದೆ ಹೋಯಿತೋ? ಸಿಗಲಿಲ್ಲವೆಂದೇ ನನ್ನ ಕಿವಿ ಹೇಳುತ್ತಿದೆ.

ಗಟ್ಟಿಯಾಗಿ ಹಾಡಿದರೆ ಗಂಟಲು ಹಾಳಾಗುತ್ತದೆ, ರಾಕ್ ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ಕಲಿತವರು ಆ ಕರಕರ ದನಿಯನ್ನು ಧ್ವನಿತಂತುಗಳನ್ನು ಉಜ್ಜಿ ಹೊರಡಿಸುವುದಿಲ್ಲ. ಅವುಗಳ ಮೇಲಿರುವ ಮಡಿಕೆಗಳನ್ನು ಕಂಪಿಸಿ ಹೊರಡಿಸುತ್ತಾರೆ, ವರ್ಷಗಟ್ಟಲೆ ಹಾಗೆಯೇ ಹಾಡುತ್ತಾರೆ. ನನ್ನ ಚಿಂತೆ ಹಾಡು ಮುಗಿದ ಮೇಲಿನ ಗಂಟೆಗಳದ್ದು.

ಪಾಶ್ಚಾತ್ಯ ಸಂಗೀತದ ಮಧ್ಯದ ಸಿ ಸ್ವರದ ಮೇಲಿನ ಎ ಸ್ವರವನ್ನು ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ 440 ಬಾರಿ ಒಂದನ್ನೊಂದು ತಾಕುತ್ತವೆ. ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಅದು ಎಷ್ಟು ಲಕ್ಷ ಬಾರಿಯಾಗುತ್ತದೆಂದು ನೀನೇ ಲೆಕ್ಕ ಹಾಕು. ವೇದಿಕೆಯಿಂದ ಇಳಿದ ಹೊತ್ತಿಗೆ ಅವು ಸ್ವಲ್ಪ ಊದಿಕೊಂಡಿರುವುದು ಸಹಜ. ಮಾತು ಬಿಟ್ಟು ಮಲಗಿದರೆ ಬಹುಪಾಲು ಇಳಿದುಹೋಗುತ್ತದೆ. ಆದರೆ ನಿಮ್ಮ ಬ್ಯಾಂಡಿನ ರಾತ್ರಿ ಆಗಲೇ ಶುರುವಾಗುತ್ತದೆ. ಅಬ್ಬರದ ಸಂಗೀತವಿರುವ ಕೋಣೆಯಲ್ಲಿ, ಹೊಗೆಯ ನಡುವೆ, ಬೆಳಗಿನ ಜಾವದವರೆಗೆ ಮಾತು. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ತಿಳಿಯದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಇದನ್ನು ಬರೆದು ಪ್ರಕಟಿಸಿದರು. ಹಾಡಿಗಿಂತ ಆ ಹರಟೆಯೇ ನಿನ್ನ ಕಂಠವನ್ನು ಹೆಚ್ಚು ದಣಿಸುತ್ತಿರಬಹುದು. ಹಾಡುವಾಗ ಉಸಿರಿನ ಮೇಲೆ ನಿಗಾ ಇರುತ್ತದೆ, ಹರಟೆಯಲ್ಲಿ ಯಾರಿಗೆ ಇರುತ್ತದೆ?

ಅದರ ಮೇಲೆ ಮದ್ಯ. ನೋವು ತಿಳಿಯದಂತೆ ಮಾಡುವುದು ಅದರ ಮೊದಲ ಕೆಡುಕು. ನಿಲ್ಲಿಸು ಎಂದು ಗಂಟಲು ಹೇಳಿದರೂ ನಿನಗೆ ಕೇಳಿಸುವುದಿಲ್ಲ. ಅನ್ನನಾಳದ ಕೆಳಗಿನ ಬಿಗಿಯೂ ಸಡಿಲವಾಗಿ, ಮಲಗಿದಾಗ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆಯನ್ನು ಸುಡುತ್ತದೆ. ಬೆಳಿಗ್ಗೆ ನೀನು ಮತ್ತೆ ಮತ್ತೆ ಗಂಟಲು ಕೆರೆದುಕೊಳ್ಳುವುದನ್ನು ಫೋನಿನಲ್ಲಿ ಕೇಳಿದ್ದೇನೆ. ಕೆರೆಯುವ ಬದಲು ನೀರು ಗುಟುಕರಿಸು. ಆದರೆ ವೇದಿಕೆ ಹತ್ತುವ ಮುನ್ನ ಕುಡಿದ ನೀರು ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಅದು ತಂತುಗಳನ್ನು ನೇರವಾಗಿ ಮುಟ್ಟುವುದೇ ಇಲ್ಲ, ಮೈಯೆಲ್ಲ ಸುತ್ತಿ ಅಲ್ಲಿಗೆ ತಲುಪಬೇಕು. ಸಿಗರೇಟಿನ ವಿಷಯ ನಿನಗೆ ಗೊತ್ತಿರುವುದೇ: ತಂತುಗಳ ಮೇಲ್ಪದರದಡಿ ದ್ರವ ತುಂಬಿಕೊಂಡು ಹೆಣ್ಣುದನಿ ಗಂಡುದನಿಯ ಹತ್ತಿರಕ್ಕೆ ಇಳಿಯುತ್ತದೆ.

ಮೊದಲು ಹೋಗುವುದು ಗಟ್ಟಿ ದನಿಯಲ್ಲ ಎಂಬುದನ್ನು ಮಾತ್ರ ಸರಿಯಾಗಿ ಮನಸ್ಸಿಗೆ ತಂದುಕೋ. ತಂತು ಊದಿದ್ದರೂ ಉಸಿರಿನ ಒತ್ತಡ ಹೆಚ್ಚಿಸಿ ಕೂಗಬಹುದು; ಕೇಳುವವರು ಚಪ್ಪಾಳೆಯನ್ನೂ ತಟ್ಟುತ್ತಾರೆ. ತಾರಸ್ಥಾಯಿಯಲ್ಲಿ ಮೆಲ್ಲಗೆ ಹಾಡಹೊರಟಾಗ ಗುಟ್ಟು ರಟ್ಟಾಗುತ್ತದೆ. ಸ್ವರ ತಡವಾಗಿ ಹೊರಡುತ್ತದೆ, ನಡುವೆ ಬರೀ ಗಾಳಿ ಬರುತ್ತದೆ. ಹಾಗಾಗಿ ಗಾಯಕಿ ಆ ಜಾಗಗಳನ್ನು ತಪ್ಪಿಸುತ್ತಾಳೆ. ಮೊದಲು ಒಂದು ಸಾಲು, ಆಮೇಲೆ ಒಂದು ಹಾಡು. ಕೊನೆಗೆ ಬರೆಯುವಾಗಲೇ ಕೂಗಲು ಬರುವಂಥದ್ದನ್ನಷ್ಟೇ ಬರೆಯುತ್ತಾಳೆ, ಅದನ್ನು ತನ್ನ ಶೈಲಿ ಎಂದು ನಂಬುತ್ತಾಳೆ. ಶಾರೀರ ಕುಗ್ಗಿದರೆ ಕಲ್ಪನೆಯೂ ಕುಗ್ಗುವುದು ಹೀಗೆ. ಎಲ್ಲವೂ ಅಬ್ಬರವಾದಾಗ ಅಬ್ಬರಕ್ಕೂ ಬೆಲೆ ಉಳಿಯುವುದಿಲ್ಲ. ನಿನ್ನ ಕೂಗು ಎದೆಗೆ ತಾಕುತ್ತಿದ್ದುದು ಅದರ ಹಿಂದಿನ ಸಾಲನ್ನು ನೀನು ಪಿಸುಗುಟ್ಟಿದಂತೆ ಹಾಡುತ್ತಿದ್ದುದರಿಂದ.

ಇಂಗ್ಲೆಂಡಿನ ಗಾಯಕಿ ಮೇರಿಯಾನ್ ಫೇತ್‌ಫುಲ್ ಅವರ ಮಾತೆತ್ತುತ್ತೀಯೆಂದು ಬಲ್ಲೆ. 1964ರಲ್ಲಿ ತಿಳಿಯಾಗಿದ್ದ ಅವರ ಕಂಠ 1979ರ ಆಲ್ಬಮ್ಮಿನಲ್ಲಿ ಒಡೆದು, ಇಳಿದು, ಬೇರೆಯದೇ ಆಗಿತ್ತು. ಆ ಆಲ್ಬಮ್ಮೇ ಅವರ ಅತ್ಯುತ್ತಮ ಕೃತಿ ಎನ್ನುವವರು ಅನೇಕರಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಅದನ್ನು ಮಾಡಿದ್ದು ಹೆರಾಯಿನ್ ಅಲ್ಲ. ಆ ಚಟ ಅವರನ್ನು ಲಂಡನ್ನಿನ ಸೋಹೊ ಬೀದಿಗಳಲ್ಲಿ ನೆಲೆಯಿಲ್ಲದೆ ಅಲೆಸಿತು, ಹಾಡಬಹುದಾಗಿದ್ದ ವರ್ಷಗಳನ್ನು ನುಂಗಿತು. ಉಳಿದ ಚೂರು ದನಿಯಲ್ಲೂ ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು, ಆ ಜಾಣ್ಮೆ ಹಾಡಿತು. ಅದೇ ದಾರಿಯಲ್ಲಿ ಹೋಗಿ ಹಿಂತಿರುಗದವರ ದನಿ ನಮಗೆ ಕೇಳಿಸುವುದಿಲ್ಲವಾದ್ದರಿಂದ ಈ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ.

ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ 1970ರ ಅಕ್ಟೋಬರ್ 4ರಂದು ಹೆರಾಯಿನ್ನಿನಿಂದ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಮಾಡುತ್ತಿದ್ದ ಆಲ್ಬಮ್ ಮರುವರ್ಷ ಬಂತು; ಅದರಲ್ಲಿ ಒಂದು ಹಾಡಿಗೆ ವಾದ್ಯಗಳು ಮಾತ್ರ ಇವೆ, ದನಿ ಸೇರಿಸುವ ಮುನ್ನವೇ ಅವರು ಹೋಗಿದ್ದರು. ಆ ಹಾಡನ್ನು ನೀನು ಕಿವಿಯಿಟ್ಟು ಕೇಳಬೇಕು. ದುರಂತವೇ ಅವರನ್ನು ದೊಡ್ಡ ಗಾಯಕಿಯನ್ನಾಗಿ ಮಾಡಿತೆಂದು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಆಲ್ಬಮ್ಮಿನ ಉಳಿದ ಹಾಡುಗಳಲ್ಲಿ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಹದ ಅವರಿಗೆ ಸಿದ್ಧಿಸಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಕಲಿಯುತ್ತಿದ್ದವರ ಕಲಿಕೆ ಅಲ್ಲಿಗೇ ನಿಂತಿತು.

ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಗಾಯಕಿ ಸ್ಟೀವಿ ನಿಕ್ಸ್ 1986ರಲ್ಲಿ ಕೊಕೇನ್ ಬಿಟ್ಟರು. ಆಮೇಲೆ ವೈದ್ಯರೇ ಬರೆದುಕೊಟ್ಟ ನೆಮ್ಮದಿಯ ಮಾತ್ರೆಗೆ ಸುಮಾರು ಎಂಟು ವರ್ಷ ಅಂಟಿಕೊಂಡರು. ಆ ವರ್ಷಗಳು ತಮ್ಮ ಸೃಜನಶಕ್ತಿಯನ್ನು ಕಸಿದುಕೊಂಡವೆಂದು ಅವರೇ ಹೇಳಿಕೊಂಡಿದ್ದಾರೆ. ಅಮಲು ಹಾಡು ಬರೆಸುತ್ತದೆ ಎಂದು ನಿನಗೆ ಯಾರಾದರೂ ಹೇಳಿದರೆ ಇದನ್ನು ನೆನಪು ಮಾಡಿಕೋ.

ಇನ್ನು ರಾಕ್ ಗಾಯಕಿ ಟೀನಾ ಟರ್ನರ್. 1984ರ ಅವರ ಆಲ್ಬಮ್ ಬಂದಾಗ ಅವರಿಗೆ 44, ಕೊನೆಯ ಪ್ರವಾಸ 2009ರಲ್ಲಿ ಮುಗಿದಾಗ 69. ಒರಟು ದನಿ ಅವರದ್ದೂ ಹೌದು, ಕೂಗಿದ್ದೂ ಹೌದು, ಕುಣಿಯುತ್ತಲೇ ಹಾಡಿದ್ದೂ ಹೌದು. ಆ ಒರಟುತನ ಅವರು ಬಯಸಿದಾಗ ಬರುತ್ತಿತ್ತು, ಬೇಡವೆಂದಾಗ ಸರಿದು ನಿಲ್ಲುತ್ತಿತ್ತು. ನಿನಗೂ ಅಂಥ ಹಿಡಿತ ಇರಲಿ ಎಂಬುದೇ ನನ್ನ ಆಸೆ.

ಆದ್ದರಿಂದ ಒಂದು ಕೆಲಸ ಮಾಡು. ಪ್ರತಿದಿನ ಎದ್ದ ಸ್ವಲ್ಪ ಹೊತ್ತಿನ ಮೇಲೆ ಪರಿಚಿತ ಹಾಡಿನ ಒಂದು ಸಾಲನ್ನು ಸಾಧ್ಯವಾದಷ್ಟು ಮೇಲಿನ ಶ್ರುತಿಯಲ್ಲಿ, ಸಾಧ್ಯವಾದಷ್ಟು ಮೆಲ್ಲಗೆ ಹಾಡು. ನಿನ್ನೆ ಬಂದ ಸ್ವರ ಇಂದು ಬರದಿದ್ದರೆ ಆ ದಿನ ಕಂಠಕ್ಕೆ ಬಿಡುವು ಕೊಡು. ವೇದಿಕೆಯಲ್ಲಿ ನಿನ್ನ ದನಿ ನಿನಗೇ ಕೇಳಿಸುವಂತೆ ಕಿವಿಯೊಳಗಿನ ಮಾನಿಟರ್ ಕೇಳಿ ಪಡೆ, ಡ್ರಮ್ಸ್ ಜೊತೆ ಪೈಪೋಟಿಗೆ ಇಳಿಯಬೇಡ. ಗಂಟಲು ಕಟ್ಟಿದ ದಿನ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಹಾಡಿಬಿಡೋಣ ಎಂದು ವ್ಯವಸ್ಥಾಪಕರು ಹೇಳಿದರೆ, ಒಳಗೆ ಏನಾಗಿದೆಯೆಂದು ವೈದ್ಯರು ಕಣ್ಣಾರೆ ನೋಡುವವರೆಗೆ ಒಪ್ಪಬೇಡ. ಊತ ಇಳಿದಂತೆ ಕಂಡರೂ ಪೆಟ್ಟು ಮಾಯುವುದಿಲ್ಲ. ನೋವಿಗೆಂದು ಆಸ್ಪಿರಿನ್ ನುಂಗಿ ಕೂಗುವುದೂ ಬೇಡ, ರಕ್ತ ತೆಳುವಾಗಿ ತಂತುವಿನೊಳಗೆ ರಕ್ತಸ್ರಾವವಾಗುವ ಅಪಾಯವಿದೆ.

ಮುಂದಿನ ಪ್ರವಾಸಕ್ಕೆ ಸಹಿ ಹಾಕುವ ಮುನ್ನ ಕಂಠತಜ್ಞರಲ್ಲಿ ಸ್ಟ್ರೋಬೋಸ್ಕೋಪಿ ಮಾಡಿಸು. ಮಿನುಗುವ ಬೆಳಕಿನಲ್ಲಿ ತಂತುಗಳ ಕಂಪನವನ್ನು ನಿಧಾನಗೊಳಿಸಿದಂತೆ ತೋರಿಸುವ ಪರೀಕ್ಷೆ ಅದು, ನೋವಿನದ್ದಲ್ಲ. ತಂತುಗಳ ಮೇಲೆ ಗಂಟುಗಳಿದ್ದರೂ ಹೆದರಬೇಡ, ಬಹಳಷ್ಟು ಸಲ ಶಸ್ತ್ರಚಿಕಿತ್ಸೆಯಿಲ್ಲದೆ, ಧ್ವನಿ ಚಿಕಿತ್ಸೆಯಲ್ಲೇ ಕರಗುತ್ತವೆ. ಒಪ್ಪಂದದಲ್ಲಿ ಸತತ ಎರಡು ರಾತ್ರಿಗಳಾದ ಮೇಲೆ ಒಂದು ದಿನ ಬಿಡುವು ಎಂದು ಬರೆಸು. ಬ್ಯಾಂಡಿನವರು ಗೊಣಗಿದರೆ ಗೊಣಗಲಿ. ಅವರ ಗಿಟಾರಿನ ತಂತಿ ಹರಿದರೆ ಹೊಸದು ಸಿಗುತ್ತದೆ. ಪರೀಕ್ಷೆಗೆ ಯಾವ ದಿನ ಸಿಕ್ಕಿತೆಂದು ತಿಳಿಸು, ಬೇಕೆಂದರೆ ಜೊತೆಗೆ ಬರುತ್ತೇನೆ.

ನಿನ್ನ
ಅಮ್ಮ