ಭಾನುವಾರದ ಕರೆಗೆ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಕೀನ್ಯಾದ ಸೇವಾ ಸಂಸ್ಥೆಯವರ ಜೊತೆ ವಿಡಿಯೊ ಕರೆ ಈ ಭಾನುವಾರ ಸಂಜೆ 7:30ಕ್ಕೆ. ಅಲ್ಲಿ ಆಗ 5 ಗಂಟೆ. ಅವರು ನಮಗಿಂತ ಎರಡೂವರೆ ತಾಸು ಹಿಂದೆ. ಹೋದ ಸಲ ನಾನೇ ಬೆಳಿಗ್ಗೆ 8ಕ್ಕೆ ಫೋನ್ ಹಚ್ಚಿ ಪಾಪ, ಅವರ ನಿದ್ದೆ ಕೆಡಿಸಿದ್ದೆ.

ನಾವು ಅವರಿಗೆ ನೆರವಾಗುತ್ತಿರುವ ಕೆಲಸ ಮರಳು ಒಡ್ಡಿನದು. ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಕ್ಕೆ ಅಡ್ಡ ಗೋಡೆ ಕಟ್ಟುತ್ತಾರೆ. ಗೋಡೆಯ ಹಿಂದೆ ಮರಳು ತುಂಬುತ್ತದೆ, ನೀರು ಆ ಮರಳಿನೊಳಗೆ ನಿಲ್ಲುತ್ತದೆ. ಬಿಸಿಲಿಗೆ ಜಾಸ್ತಿ ಆರುವುದಿಲ್ಲ. ಆದಿಲ್‌ಶಾಹಿ ಕಾಲದ ಸುರಂಗ ಬಾವಡಿ (ನೆಲದೊಳಗೆ ನೀರು ಹರಿಸುವ ಸುರಂಗ) ನೋಡಿ ಬೆಳೆದ ವಿಜಯಪುರದವರಿಗೆ ನೆಲದೊಳಗಿನ ನೀರಿನ ಲೆಕ್ಕ ಹೊಸದೇನಲ್ಲ, ಅಲ್ವಾ? ಆದರೆ ನಮ್ಮ ಎರೆ ಹೊಲದ ನಡುವಿನ ಹಳ್ಳದಲ್ಲಿ ಇದು ನಡೆಯುವುದು ಕಷ್ಟ. ಸಣ್ಣ ಮಣ್ಣು ತುಂಬಿಕೊಂಡರೆ ನೀರನ್ನು ಬಿಟ್ಟುಕೊಡುವುದೇ ಇಲ್ಲ. ಹಾಗಾಗಿ ಸಿವಿಲ್ ಎಂಜಿನಿಯರಿಂಗ್‌ನವರು ಅಲ್ಲಿನ ಮರಳಿನ ಜರಡಿ ಪರೀಕ್ಷೆ (ಕಾಳು ಎಷ್ಟು ದಪ್ಪ, ಎಷ್ಟು ಸಣ್ಣ ಎಂದು ನೋಡುವುದು) ಫಲಿತಾಂಶ ಮೊದಲು ಕೇಳಿ. ಆಮೇಲೆ ಗೋಡೆ ಎತ್ತರದ ಮಾತು.

ಮೆಕ್ಯಾನಿಕಲ್‌ನವರೇ, ನಿಮ್ಮ ಕೈಪಂಪಿನ ಡ್ರಾಯಿಂಗ್ ಚಂದ ಇದೆ. ಅದನ್ನು ನೋಡಿ ಅಲ್ಲಿನ ಅಕ್ಕ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ವಾಷರ್ ಸವೆದರೆ ನಮ್ಮೂರ ಸಂತೆಯಲ್ಲಿ ಸಿಗುತ್ತದಾ?" ಉತ್ತರ ಇಲ್ಲದಿದ್ದರೆ ಡ್ರಾಯಿಂಗ್ ಬದಲಿಸಿ. ಸುಮ್ನೆ ವಾದ ಬೇಡ.

ಇನ್ನು ದುಡ್ಡು. ಸಂಸ್ಥೆಯ ದೇಣಿಗೆ ಯಾರ ಖಾತೆಗೂ ಹಾಕಿಸಿಕೊಳ್ಳಬೇಡಿ. ಹೊರದೇಶದ ದುಡ್ಡಿಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಇದೆ. ನಮ್ಮ ಗುಂಪು ನೋಂದಣಿಯೇ ಆಗಿಲ್ಲ. ನಾವು ಕೊಡುವುದು ಸಮಯ ಮತ್ತು ಲೆಕ್ಕ, ಅಷ್ಟೇ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಬರೀ ಹೆಬ್ಬೆರಳಿನ ಚಿತ್ರ ಕಳಿಸಿದರೆ ಎಣಿಸುವುದಿಲ್ಲ!