ಹೆಸರಿರುವ ಹಾಡನ್ನು ‘ಜಾನಪದ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ವಿರಾಜಪೇಟೆಯ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ, ಪಕ್ಕದ ಹುಡುಗನ ಮೊಬೈಲಿನಿಂದ ಕಾವೇರಿಯ ಮೇಲಿನ ಒಂದು ಕನ್ನಡ ಹಾಡು ಕೇಳಿಸಿತು. 1997ರ ಮಳೆಗಾಲದಲ್ಲಿ ನಾನೇ ರಾಗ ಹಾಕಿದ ಹಾಡು ಅದು. ಬರೆದವರು ನಮ್ಮ ಶಾಲೆಯ ಕನ್ನಡ ಮೇಷ್ಟ್ರು, ನನ್ನ ಗೆಳೆಯರು. ಮಳೆಯೆಂದು ಶಾಲೆಗೆ ರಜೆ ಕೊಟ್ಟಿದ್ದ ನಾಲ್ಕು ದಿನ, ಕರೆಂಟಿಲ್ಲದ ಅವರ ಮನೆಯಲ್ಲಿ, ಒಲೆಯ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಪಲ್ಲವಿಯನ್ನು ಎಷ್ಟು ಸಲ ತಿದ್ದಿದೆವೋ ಲೆಕ್ಕವಿಲ್ಲ. ಆನಂದಭೈರವಿಯಲ್ಲಿ ಶುರುವಾದದ್ದು ಕೊನೆಗೆ ಮೋಹನದಲ್ಲಿ ನಿಂತಿತು. ವಿಡಿಯೊದ ಕೆಳಗೆ ಬರೆದಿದ್ದದ್ದು: ‘ಕೊಡಗಿನ ಪ್ರಾಚೀನ ಜಾನಪದ ಗೀತೆ’.

ಅಂದು ಸಾಲ ಮಾಡಿ 300 ಕ್ಯಾಸೆಟ್ ಮಾಡಿಸಿದ್ದೆವು. ತಿಂಗಳೊಳಗೆ ನಕಲು ಬಂತು, ಸಾಲ ಉಳಿಯಿತು. ಆದರೂ ಆ ನಕಲಿನ ಹೊದಿಕೆಯ ಮೇಲೆ ನಮ್ಮಿಬ್ಬರ ಹೆಸರಿತ್ತು. ಈಗ ಅದೂ ಇಲ್ಲ. ಗೆಳೆಯರು ತೀರಿಕೊಂಡು ಆರು ವರ್ಷವಾಯಿತು. ವಿಡಿಯೊ ನೋಡಿದ ಅವರ ಪತ್ನಿ, ‘ಇವರ ಹೆಸರೇ ಇಲ್ಲವಲ್ಲ ಮೇಷ್ಟ್ರೇ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೊಡಗಿನಲ್ಲಿ ನಿಜವಾದ ಜಾನಪದಕ್ಕೆ ಬರವಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಅಂಥ ಹಾಡುಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು. ಅವು ಎಲ್ಲರವು. ಕೊಡವ ಭಾಷೆಯ ಕವಿ ಹರದಾಸ ಅಪ್ಪಚ್ಚ ಕವಿಗಳ ಹಾಡುಗಳು ಹಾಗಲ್ಲ. ಅವರು ತೀರಿಕೊಂಡದ್ದು 1944ರಲ್ಲಿ. ಕರ್ತೃವಿನ ಮರಣದ ನಂತರ 60 ವರ್ಷವೆಂಬ ಕೃತಿಸ್ವಾಮ್ಯದ ಅವಧಿ ಮುಗಿದು, ಈಗ ಯಾರು ಬೇಕಾದರೂ ಹಾಡಬಹುದು. ಹಾಗೆಂದು ಅವರ ಹೆಸರನ್ನು ಅಳಿಸಿಬಿಡಲಾದೀತೇ?

1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕನ್ನು ಮಾರಿಕೊಂಡ ಮೇಲೂ ‘ಇದು ನನ್ನ ಕೃತಿ’ ಎನ್ನುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ ಆತನ ವಾರಸುದಾರರೂ ಅದನ್ನು ಕೇಳಬಹುದು. ನೋಂದಣಿ ಮಾಡಿಸಿರಲೇಬೇಕೆಂದೇನೂ ಇಲ್ಲ. ಇದು ನಮ್ಮ ಹಳ್ಳಿಯ ಎಷ್ಟೋ ಹಾಡುಗಾರರಿಗೆ ಗೊತ್ತಿಲ್ಲ.

ಮದುವೆಮನೆಯಲ್ಲಿ ಹಾಡುವವರಿಂದ ನಾನು ಕಾಸು ಕೇಳುತ್ತಿಲ್ಲ. ಕಾನೂನೂ ಅವರಿಗೆ ವಿನಾಯಿತಿ ಕೊಟ್ಟಿದೆ, ಅವರು ಹಾಡಿದರೆ ನನಗೆ ಸಂತೋಷವೇ. ಆದರೆ ವಿಡಿಯೊ ಹಾಕಿ ಜಾಹೀರಾತಿನ ಹಣ ಪಡೆಯುವವರು, ಹಾಡು ಯಾರದೆಂದು ಊರಿನ ನಾಲ್ಕು ಹಿರಿಯರನ್ನು ಮೊದಲು ವಿಚಾರಿಸಬೇಕು. ಗೊತ್ತಾದ ಮೇಲೆ ‘ಜಾನಪದ’ ಎಂಬುದನ್ನು ತೆಗೆದು ಬರೆದವರ ಹೆಸರು ಹಾಕಬೇಕು. ಗೆಳೆಯರ ಕೈಬರಹದ ಹಾಳೆ, ತಾರೀಖಿನ ಸಮೇತ, ನನ್ನ ಹಾರ್ಮೋನಿಯಂ ಪೆಟ್ಟಿಗೆಯಲ್ಲಿದೆ. ಯಾರು ಬಂದು ಕೇಳಿದರೂ ತೋರಿಸುತ್ತೇನೆ.

– ನಿವೃತ್ತ ಸಂಗೀತ ಶಿಕ್ಷಕ, ವಿರಾಜಪೇಟೆ, ಕೊಡಗು