ಆ ಕಥೆಗೆ ಫೈಟು ಬೇಕಿರಲಿಲ್ಲ

ಮಾನ್ಯರೇ,

ತೆಲುಗಿನ ‘ವಕೀಲ್ ಸಾಬ್’ (2021) ಹಿಂದಿಯ ‘ಪಿಂಕ್’ (2016) ಚಿತ್ರದ ರಿಮೇಕ್. ನಮ್ಮ ಬಳ್ಳಾರಿಯಲ್ಲಿ ತೆಲುಗು ಚಿತ್ರದ ನಾಯಕ ಪವನ್ ಕಲ್ಯಾಣ್ ಅವರ ಅಭಿಮಾನಿಗಳು ಜಾಸ್ತಿ. ನನಗೂ ಅವರು ಇಷ್ಟ. ಆದರೂ ಒಂದು ಮಾತು ಹೇಳಲೇಬೇಕು.

ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ವಯಸ್ಸಾದ, ಕಾಯಿಲೆಯ ವಕೀಲ. ದೆಹಲಿಯ ಹೊಗೆಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಓಡಾಡುತ್ತಾರೆ. ಅವರ ಕೈಯಲ್ಲಿರುವುದು ಮಾತು ಮಾತ್ರ. ತೆಲುಗಿನ ವಕೀಲನಿಗೆ ಕಾಲೇಜಿನ ಫ್ಲ್ಯಾಶ್‌ಬ್ಯಾಕ್, ಪ್ರೇಮ, ಮೆಟ್ರೊ ರೈಲಿನಲ್ಲಿ ಹೊಡೆದಾಟ, ಎಲ್ಲ ಇದೆ. ಕಥೆ ಒತ್ತಾಯ ಮಾಡಿದ ಗಂಡಸರನ್ನು ಎದುರಿಸಿ ಕೋರ್ಟಿನ ಕಟಕಟೆ ಹತ್ತಬೇಕಾದ ಮೂವರು ಹುಡುಗಿಯರದು, ಅಲ್ವಾ? ಗೂಂಡಾಗಳನ್ನು ಬಡಿದು ಹಾಕುವ ವಕೀಲ ಪಕ್ಕದಲ್ಲೇ ಇದ್ದರೆ ಅವರ ಭಯ ನಮಗೆ ಹೇಗೆ ತಟ್ಟಬೇಕು?

ಕೋರ್ಟಿನ ಭಾಗ ಮಾತ್ರ ಗಟ್ಟಿಯಾಗಿದೆ. ಎದುರು ವಕೀಲರಾಗಿ ನಮ್ಮ ಪ್ರಕಾಶ್ ರಾಜ್ ಕೇಳುವ ಪ್ರಶ್ನೆಗಳಿಗೆ ಮೈ ಉರಿಯುತ್ತದೆ. ಆ ಹುಡುಗಿಯರಲ್ಲಿ ಒಬ್ಬಳಾಗಿ ಕಟಕಟೆಯಲ್ಲಿ ನಿಂತ ನಟಿ ನಿವೇತಾ ಥಾಮಸ್ ಮುಖ ನೋಡಿದರೆ ಸಂಕಟವಾಗುತ್ತದೆ. ಹೆಣ್ಣು ಬೇಡ ಅಂದರೆ ಬೇಡ ಎಂಬ ಮಾತು ಶಿಳ್ಳೆ ಹೊಡೆಯುವ ಹುಡುಗರ ಕಿವಿಗೂ ಬಿತ್ತು. ಅದಕ್ಕಾಗಿ ನಿರ್ದೇಶಕ ವೇಣು ಶ್ರೀರಾಮ್ ಅವರನ್ನು ಮನಸಾರೆ ಮೆಚ್ಚುತ್ತೇನೆ. ಇಂಥ ಕಥೆಯನ್ನು ಮತ್ತೆ ಯಾರಾದರೂ ತೆಗೆಯುವುದಾದರೆ ಫೈಟಿನ ಸಮಯವನ್ನು ಆ ಹುಡುಗಿಯರಿಗೇ ಕೊಡಲಿ.

– ಓದುಗ, ಬಳ್ಳಾರಿ